ಮೈಸೂರಿನ ಮೃಗಾಲಯವೂ ನಮ್ಮ ಭದ್ರೆಯ ಹುಲಿಯೂ

ಕಡೂರು, ತರೀಕೆರೆ, ಅಜ್ಜಂಪುರಗಳ ಬಾಲಿಕೆಯರನ್ನು ಮೈಸೂರಿನ ಮೃಗಾಲಯಕ್ಕೆ ಕರೆದೊಯ್ಯುವ ವಾಡಿಕೆಯನ್ನು ನಾವು ಇನ್ನೂ ಬಿಟ್ಟಿಲ್ಲ. ಅರಸೀಕೆರೆ, ಹಾಸನಗಳ ಮಾರ್ಗವಾಗಿ ಸಾಗುವ ಆ ರೈಲುಪ್ರಯಾಣವೂ ಬುತ್ತಿಯ ಚಿತ್ರಾನ್ನವೂ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರ ನೆನಪಿನಲ್ಲಿರಬಹುದು. ಈ ಸಲದ ಪ್ರವಾಸದಲ್ಲಿ ಒಬ್ಬ ಬಾಲಿಕೆಯು ಕೇಳಿದ ಪ್ರಶ್ನೆಗೆ ನಾವು ಆಗಲೇ ತಕ್ಕ ಉತ್ತರವನ್ನು ಕೊಡಲಾರದೆ ಹೋದೆವು. ಆದಕಾರಣ ಈ ಬರಹ.

ಈ ಮೃಗಾಲಯವನ್ನು 1892ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರವರು ಸುಮಾರು 10 ಎಕರೆ ನೆಲದಲ್ಲಿ ಸ್ಥಾಪಿಸಿದರು. 1909ರಲ್ಲಿ ಅದಕ್ಕೆ ಅವರ ಹೆಸರೇ ಬಂದಿತು. ಈಗ ಅದರ ವಿಸ್ತಾರವು 150 ಎಕರೆಗೆ ಮಿಗಿಲಾಗಿರುವುದು. ದೊಡ್ಡ ಮೃಗಗಳಿಗೂ ನಮಗೂ ನಡುವೆ ಅನೇಕ ಕಡೆ ಸರಳುಗಳಿಗೆ ಬದಲಾಗಿ ಆಳವಾದ ಕಂದಕಗಳುಂಟು.

ಜಿರಾಫೆಯ ಮುಂದೆ ಮಕ್ಕಳು ಬಹಳ ಹೊತ್ತು ನಿಂತರು. ಅಷ್ಟುದ್ದದ ಕೊರಳಿನಲ್ಲಿಯೂ ನಮ್ಮ ಕೊರಳಿನಲ್ಲಿರುವಂತೆ ಏಳೇ ಮೂಳೆಗಳೆಂದು ಹೇಳಿದಾಗ ಎಲ್ಲರೂ ತಮ್ಮ ತಮ್ಮ ಕತ್ತನ್ನು ಮುಟ್ಟಿ ನೋಡಿಕೊಂಡರು. ಕಾಡುಕೋಣದ ಬಳಿ ಅಜ್ಜಂಪುರದವರಿಗೆ ಮಾತು ಹೆಚ್ಚಾಯಿತು. ಅಮೃತಮಹಲ್ ರಾಸುಗಳನ್ನು ಕಂಡು ಬೆಳೆದ ಅವರಿಗೆ ಹೆಸರಿನಲ್ಲಿ ಕೋಣವೆಂದಿದ್ದರೂ ಅದು ಎಮ್ಮೆಗಿಂತ ಎತ್ತಿಗೇ ಹತ್ತಿರದ ಬಂಧುವೆಂಬುದು ಸಂತೋಷವನ್ನುಂಟುಮಾಡಿತು.

ಹುಲಿಯು ಮರದ ನೆರಳಿನಲ್ಲಿ ಮಲಗಿತ್ತು. ಮೃಗಾಲಯಗಳಲ್ಲಿ ಹುಲಿಸಿಂಹಗಳಿಗೆ ವಾರಕ್ಕೊಂದು ದಿನ ಉಪವಾಸವಿಡುವ ರೂಢಿಯಿದೆ. ಕಾಡಿನಲ್ಲಿ ಅವಕ್ಕೆ ದಿನವೂ ಬೇಟೆ ದೊರೆಯದಷ್ಟೆ. ಇದನ್ನು ನಾವು ವಿವರಿಸುತ್ತಿದ್ದಾಗ ಎಂ.ಸಿ. ಹಳ್ಳಿಯಿಂದ ಬರುವ ಹುಡುಗಿಯು, “ಅಮ್ಮನವರೇ, ಹುಲಿ ಕಾಡಿನಲ್ಲಿರಲೆಂದು ನಮ್ಮಜ್ಜ ಊರನ್ನೇ ಬಿಟ್ಟು ಬಂದರು. ಇದನ್ನೇಕೆ ಇಲ್ಲಿ ಇಟ್ಟಿದ್ದಾರೆ?” ಎಂದಳು.

ದೂರದ ಓದುಗರಿಗಾಗಿ ಹೇಳಬೇಕು. ಭದ್ರಾ ಅಭಯಾರಣ್ಯವು 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದರೊಳಗಿದ್ದ ಹಳ್ಳಿಗಳ ನಾನೂರಕ್ಕೂ ಹೆಚ್ಚು ಸಂಸಾರಗಳು 2001-02ರ ಸುಮಾರಿಗೆ ಹೊರಗೆ ಬಂದುವು. ಅವರಲ್ಲಿ ಬಹುಮಂದಿಗೆ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ಭೂಮಿಯೂ ಮನೆಯೂ ದೊರೆತವು. ಭೂಮಿ ದೊರೆಯಿತೆಂದ ಮಾತ್ರಕ್ಕೆ ಹುಟ್ಟಿದೂರು ಮರೆತುಹೋಗದು.

ಆಗ ನಾವು, “ಇದು ಕಾಡಿನಿಂದ ಹಿಡಿದು ತಂದದ್ದಲ್ಲದೆ ಇರಬಹುದು” ಎಂದಷ್ಟೇ ಹೇಳಿ ಮುಂದೆ ನಡೆದೆವು. ಅದು ಅರ್ಧ ಉತ್ತರ. ಹುಲಿಮರಿಯು ಸುಮಾರು ಎರಡು ವರ್ಷ ತಾಯಿಯೊಡನಿದ್ದು ಬೇಟೆಯನ್ನು ಕಲಿಯುವುದು. ಮೃಗಾಲಯದಲ್ಲಿಯೇ ಹುಟ್ಟಿ ಬೆಳೆದದ್ದಕ್ಕೆ ಆ ವಿದ್ಯೆಯಿಲ್ಲ. ಅದನ್ನು ಕಾಡಿಗೆ ಬಿಟ್ಟರೆ ಹಸಿವಿನಿಂದ ಸಾಯುವುದು, ಇಲ್ಲವೆ ಊರಿನ ದನಗಳ ಮೇಲೆ ಬೀಳುವುದು. ಗಾಯಗೊಂಡವು, ಊರೊಳಗೆ ಬಂದು ಸೆರೆಯಾದವು, ತಬ್ಬಲಿ ಮರಿಗಳು, ಇಂಥವುಗಳಿಗಾಗಿ ಮೈಸೂರಿನ ಬಳಿ ಕೂರ್ಗಳ್ಳಿಯಲ್ಲಿ ಮೃಗಾಲಯದವರದೇ ಪುನರ್ವಸತಿ ಕೇಂದ್ರವಿದೆ. ಅಲ್ಲಿ ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಇಷ್ಟಾದರೂ ಕಾಡಿನಲ್ಲಿ ಹತ್ತಾರು ಚದರ ಮೈಲಿ ತಿರುಗುವ ಪ್ರಾಣಿಗೆ ಕಂದಕದ ನೆಲವು ಸಾಲದೆಂದೇ ನಮ್ಮ ಅಭಿಪ್ರಾಯ. ಮೃಗಾಲಯವನ್ನು ಕಾಡಿಗೆ ಬದಲಿಯೆಂದು ಎಣಿಸಲಾಗದು. ಆ ಹುಡುಗಿಯ ಅಜ್ಜನವರು ಬಿಟ್ಟುಕೊಟ್ಟ ನೆಲದಲ್ಲಿ ಈಗ ಹುಲ್ಲು ಬೆಳೆದು ಜಿಂಕೆ, ಕಾಡುಕೋಣಗಳು ಮೇಯುವುವು. ಅವನ್ನು ತಿಂದು ಹುಲಿ ಬಾಳುವುದು. ಮೈಸೂರಿನ ಯಾವ ಕಂದಕವೂ ಅದನ್ನು ಮಾಡಿಕೊಡಲಾರದು.

ಹಿಂದಿರುಗುವಾಗ ರೈಲಿನಲ್ಲಿ ಇದನ್ನೆಲ್ಲ ಅವಳಿಗೆ ಹೇಳಿದೆವು. ಅವಳು ಕೇಳಿ, “ಅಜ್ಜನಿಗೂ ಹೇಳುತ್ತೇನೆ” ಎಂದಳು.

ಬರುವ ವರ್ಷ ಲಕ್ಕವಳ್ಳಿಯ ಕಡೆಯಿಂದ ಭದ್ರೆಯ ಕಾಡನ್ನು ನೋಡಲು ಹೊರಡಬೇಕೆಂದಿದ್ದೇವೆ. ಹುಲಿಯು ಕಾಣುವುದೆಂಬ ಭರವಸೆಯನ್ನು ಮಾತ್ರ ತಾಯಿತಂದೆಗಳಿಗೆ ಕೊಡಲಾರೆವು.