ದೂರದ ದುಡಿಮೆ, ಹತ್ತಿರದ ನೆರೆಹೊರೆ

ದುಡಿಮೆ ಇರುವಲ್ಲಿಗೆ ಮನುಷ್ಯನೇ ಹೋಗಬೇಕೆಂಬುದು ಬಹುಕಾಲದಿಂದ ನಡೆದುಬಂದ ಲೋಕನಿಯಮ. ನಮ್ಮ ಕರಾವಳಿಯ ಎಷ್ಟೋ ಕ್ರೈಸ್ತ ಕುಟುಂಬಗಳ ಕಥೆಯೂ ಇದೇ ಆಗಿದೆ. ಅಜ್ಜ ಮುಂಬಯಿಗೆ ಹೋದರು, ಮಗ ಕೊಲ್ಲಿ ರಾಷ್ಟ್ರಕ್ಕೆ ಹೋದ, ಮೊಮ್ಮಗಳು ಯುರೋಪು ಸೇರಿದಳು. ಆದರೆ ಇಂದು ಈ ನಿಯಮವೇ ತಿರುಗಿ ನಿಂತಿದೆ. ಕಂಪ್ಯೂಟರ್ ಮತ್ತು ಇಂಟರ್‌ನೆಟ್ ಇರುವಲ್ಲಿ ಕೆಲಸವೇ ಮನುಷ್ಯನ ಮನೆಬಾಗಿಲಿಗೆ ಬರತೊಡಗಿದೆ.

ಇತ್ತೀಚೆಗೆ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಬಲಿಪೂಜೆಯ ನಂತರ ನನ್ನಲ್ಲಿ ಮಾತನಾಡಲು ನಿಂತರು. ಸ್ಟಾಕ್‌ಹೋಮಿನಲ್ಲಿ ಉದ್ಯೋಗದಲ್ಲಿದ್ದ ಅವರ ಮಗಳು ನಗರವನ್ನು ಬಿಟ್ಟು, ಸ್ವೀಡನ್ನಿನ ಉತ್ತರದ ಪುಟ್ಟ ಊರೊಂದರಲ್ಲಿ ಮನೆ ಮಾಡಿಕೊಂಡು, ಅಲ್ಲಿಂದಲೇ ಅದೇ ಉದ್ಯೋಗವನ್ನು ಮುಂದುವರಿಸಿದ್ದಾಳೆ. "ಸಂಬಳದ ಚಿಂತೆ ಇಲ್ಲ ಫಾದರ್. ನಾಳೆ ಅವಳಿಗೆ ಜ್ವರ ಬಂದರೆ ಬಾಗಿಲು ತಟ್ಟುವವರು ಯಾರಿದ್ದಾರೆ?" ಎಂದು ಆ ತಾಯಿ ಕೇಳಿದರು. ಆ ಪ್ರಶ್ನೆಗೆ ಕೂಡಲೇ ಉತ್ತರ ಹೇಳಲು ನನ್ನಿಂದಾಗಲಿಲ್ಲ. ಈ ಲೇಖನ ಅದಕ್ಕೆ ಉತ್ತರ ಹುಡುಕುವ ಒಂದು ಪ್ರಯತ್ನ.

ಒಂದು ಹಳ್ಳಿಯ ಪ್ರಯೋಗ

ಸ್ವೀಡನ್ನಿನ ನಡುಭಾಗದಲ್ಲಿ, ನಾರ್ವೆಯ ಗಡಿಗೆ ತಾಗಿಕೊಂಡು ಹೆರ್ಯೆದಾಲೆನ್ ಎಂಬ ಬೆಟ್ಟಗಾಡಿನ ಪ್ರದೇಶವಿದೆ. ಅಲ್ಲಿನ ಸ್ಥಳೀಯ ಆಡಳಿತದ ವ್ಯಾಪ್ತಿ 11,000 ಚದರ ಕಿಲೋಮೀಟರಿಗೂ ಮಿಗಿಲು, ಜನಸಂಖ್ಯೆ ಮಾತ್ರ ಸುಮಾರು 10,000. ಅದರ ಅರ್ಧಕ್ಕಿಂತಲೂ ಕಡಿಮೆ ವಿಸ್ತೀರ್ಣವುಳ್ಳ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ 20 ಲಕ್ಷಕ್ಕೂ ಅಧಿಕ ಜನರಿದ್ದರು ಎಂಬುದನ್ನು ನೆನೆದರೆ ಅಲ್ಲಿಯ ನಿರ್ಜನತೆಯ ಅರಿವಾದೀತು. ಡಿಸೆಂಬರಿನಲ್ಲಿ ಅಲ್ಲಿ ಹಗಲು ಸುಮಾರು ಐದು ಗಂಟೆ ಮಾತ್ರ. ಜೂನ್ ತಿಂಗಳಲ್ಲಾದರೋ ರಾತ್ರಿಯೂ ಪೂರ್ತಿ ಕತ್ತಲಾಗುವುದಿಲ್ಲ. ಕಾಡಿನ ಕೆಲಸಕ್ಕೆ ಯಂತ್ರಗಳು ಬಂದ ಮೇಲೆ ಇಂತಹ ಊರುಗಳ ಯುವಕ ಯುವತಿಯರು ನಗರಗಳತ್ತ ಹೊರಟುಹೋದರು.

ಈ ಪ್ರದೇಶದ ವೆಮ್‌ದಾಲೆನ್ ಎಂಬ ಹಳ್ಳಿಯಲ್ಲಿ 1985ರ ಸೆಪ್ಟೆಂಬರಿನಲ್ಲಿ, ಹೆನ್ನಿಂಗ್ ಆಲ್ಬ್ರೆಕ್ಟ್ಸೆನ್ ಎಂಬುವರ ಮುಂದಾಳತ್ವದಲ್ಲಿ ಹೊಸ ಬಗೆಯ ಮನೆಯೊಂದು ತೆರೆಯಿತು. ಅದನ್ನು ಸ್ವೀಡಿಷ್ ಭಾಷೆಯಲ್ಲಿ 'ತೆಲೆಸ್ತುಗ' ಎಂದರು. 'ಸ್ತುಗ' ಎಂದರೆ ಪುಟ್ಟ ಮನೆ. ಅಂದರೆ ಇದು ದೂರಸಂಪರ್ಕದ ಮನೆ. ಕಂಪ್ಯೂಟರ್‌ಗಳನ್ನೂ ದೂರವಾಣಿ ಸಂಪರ್ಕವನ್ನೂ ಅಲ್ಲಿ ಒಂದೇ ಸೂರಿನಡಿ ತಂದಿರಿಸಿ, ಊರಿನ ಯಾರು ಬೇಕಾದರೂ ಬಂದು ಕಲಿಯಲು, ದೂರದ ಊರಿನ ಕೆಲಸವನ್ನು ಅಲ್ಲಿಯೇ ಕುಳಿತು ಮಾಡಲು ಅವಕಾಶ ಕಲ್ಪಿಸಲಾಯಿತು. ಲೋಕದಲ್ಲಿ ಇಂತಹ ಮೊದಲ ಕೇಂದ್ರ ಇದೇ ಎಂದು ಪರಿಗಣಿಸಲಾಗಿದೆ. ಈ ಕಲ್ಪನೆ ಇತರ ನಾರ್ಡಿಕ್ ದೇಶಗಳಿಗೂ ಬ್ರಿಟನ್ನಿಗೂ ಹರಡಿತು. 1994ರಲ್ಲಿ ಹಂಗೇರಿಯ ಚಾಕ್‌ಬೆರೇನ್ ಎಂಬ ಹಳ್ಳಿಯಲ್ಲಿಯೂ ಅದು ಬೇರೂರಿತು.

ಯಂತ್ರಗಳನ್ನು ಒಂದೆಡೆ ಇರಿಸಿದ್ದಕ್ಕೆ ಅವುಗಳ ದುಬಾರಿ ಬೆಲೆಯೂ ಕಾರಣವಾಗಿತ್ತು. ಆದರೆ ಆ ಬಡತನದಿಂದಲೇ ಒಂದು ಒಳಿತು ಉಂಟಾಯಿತು. ಕೆಲಸಕ್ಕೆಂದು ಬಂದವರು ಒಬ್ಬರ ಮುಖವನ್ನೊಬ್ಬರು ನೋಡಿದರು, ಬಲ್ಲವರು ಅರಿಯದವರಿಗೆ ಕಲಿಸಿದರು, ಕಾಫಿಯ ವೇಳೆಗೆ ಒಟ್ಟಿಗೆ ಕುಳಿತರು. ಮುಂದೆ ಕಂಪ್ಯೂಟರ್‌ನ ಬೆಲೆ ಇಳಿಯಿತು, ಇಂಟರ್‌ನೆಟ್ ಮನೆಮನೆಗೂ ಬಂತು. ಸಾರ್ವಜನಿಕ ನೆರವು ನಿಂತೊಡನೆ ಅಂತಹ ಎಷ್ಟೋ ಕೇಂದ್ರಗಳು ಬಾಗಿಲು ಹಾಕಿದವು. ಸೌಕರ್ಯ ಮನೆಯೊಳಗೆ ಬಂದಾಗ, ಒಟ್ಟಿಗೆ ಕುಳಿತುಕೊಳ್ಳಲು ಇದ್ದ ನೆಪವೊಂದು ಮನೆಯ ಹೊರಗೆ ಉಳಿಯಿತು.

ಊರು ಉಳಿಯುವ ಬಗೆ

ಇದರ ನಂತರ ಸಂಪರ್ಕವೇನೋ ಬೆಳೆಯಿತು. ಫಿನ್‌ಲೆಂಡ್ ದೇಶವು 2010ರ ಜುಲೈ 1ರಿಂದ ಇಂಟರ್‌ನೆಟ್ ಸಂಪರ್ಕವನ್ನು ಪ್ರತಿಯೊಬ್ಬ ನಿವಾಸಿಯ ಕಾನೂನುಬದ್ಧ ಹಕ್ಕನ್ನಾಗಿ ಮಾಡಿತು. ಸ್ವೀಡನ್ನಿನ ಅನೇಕ ಹಳ್ಳಿಗಳಲ್ಲಿ ಜನರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡು, ತಾವೇ ಕಂದಕ ತೋಡಿ, ಸರ್ಕಾರದ ಸಹಾಯಧನವನ್ನೂ ಪಡೆದು ಫೈಬರ್ ಕೇಬಲ್ ಎಳೆದರು. 2020ರ ಮಹಾಮಾರಿಯ ಕಾಲದಲ್ಲಿ ಕಚೇರಿಗಳು ಮನೆಗೆ ಬಂದಾಗ, ಕೇಬಲ್ ತಲುಪಿದ್ದ ಹಳ್ಳಿಗಳಿಗೆ ನಗರದಿಂದ ಜನರನ್ನು ಕರೆಯುವ ಒಂದು ಅವಕಾಶ ಒದಗಿತು.

ಅಂತಹ ಊರಿಗೆ ಒಂದು ಕುಟುಂಬ ಬಂದು ನೆಲೆಸುವುದು ಸಣ್ಣ ಸಂಗತಿಯಲ್ಲ. ಸ್ವೀಡನ್ನಿನಲ್ಲಿ ಮನುಷ್ಯನ ವರಮಾನದ ಸುಮಾರು ಮೂರನೆಯ ಒಂದು ಪಾಲು ಸ್ಥಳೀಯ ಮತ್ತು ಪ್ರಾಂತೀಯ ಆಡಳಿತಗಳಿಗೆ ತೆರಿಗೆಯಾಗಿ ಸಲ್ಲುತ್ತದೆ. ಅದು ಸಲ್ಲುವುದು ಅವನ ಕಂಪೆನಿ ಇರುವ ಊರಿಗಲ್ಲ, ಅವನ ಹೆಸರು ನಿವಾಸಿಯೆಂದು ದಾಖಲಾಗಿರುವ ಊರಿಗೆ. ಸ್ಟಾಕ್‌ಹೋಮಿನ ಕಂಪೆನಿಗೆ ದುಡಿಯುವವನು ಹೆರ್ಯೆದಾಲೆನ್ನಿನ ನಿವಾಸಿಯಾದರೆ, ಅಲ್ಲಿನ ಶಾಲೆ ಮತ್ತು ವೃದ್ಧರ ಆರೈಕೆಯ ವೆಚ್ಚಕ್ಕೆ ಅವನ ಪಾಲೂ ಸೇರುತ್ತದೆ. ಹಿಮದಾಟಕ್ಕೆಂದು ಅಲ್ಲಿ ರಜೆಯ ಮನೆ ಕಟ್ಟಿಸಿಕೊಂಡು ನಗರದಲ್ಲಿಯೇ ಹೆಸರನ್ನು ಉಳಿಸಿಕೊಂಡವನ ವರಮಾನ ತೆರಿಗೆಯಾದರೋ ನಗರಕ್ಕೇ ಹೋಗುತ್ತದೆ. ಮಕ್ಕಳ ಸಂಖ್ಯೆ ಕುಸಿದರೆ ಹಳ್ಳಿಯ ಶಾಲೆ ಮುಚ್ಚುತ್ತದೆ, ಶಾಲೆ ಮುಚ್ಚಿದರೆ ಹೊಸ ಕುಟುಂಬಗಳು ಬಾರವು. ಅಂಚೆಯ ಪಾರ್ಸೆಲ್ಲುಗಳನ್ನೂ ವಿತರಿಸುವ ಹಳ್ಳಿಯ ಅಂಗಡಿಯ ಗತಿಯೂ ಹೀಗೆಯೇ. ಹೀಗೆ ಇಬ್ಬರು ಮಕ್ಕಳಿರುವ ಒಂದು ಮನೆ ಒಂದು ಶಾಲೆಯ ಅಳಿವು ಉಳಿವಿನ ಮೇಲೆ ಪ್ರಭಾವ ಬೀರಬಲ್ಲದು.

ಒಂಟಿತನದ ಹಿಮ

ಆದರೆ ತೆರಿಗೆ ಕಟ್ಟುವುದರಿಂದ ಮಾತ್ರವೇ ಯಾರೂ ನೆರೆಯವರಾಗುವುದಿಲ್ಲ. ಬೆಳಿಗ್ಗೆ ಕತ್ತಲಲ್ಲೇ ಕಂಪ್ಯೂಟರ್‌ನ ಮುಂದೆ ಕುಳಿತು, ನೂರಾರು ಮೈಲಿ ದೂರದ ಸಹೋದ್ಯೋಗಿಗಳೊಡನೆ ದಿನವಿಡೀ ಮಾತನಾಡಿ, ಮತ್ತೆ ಕತ್ತಲಲ್ಲೇ ಏಳುವವನಿಗೆ ಪಕ್ಕದ ಮನೆಯವರ ಹೆಸರೂ ತಿಳಿಯದೆ ಇರಬಹುದು. ಅಲ್ಲಿಯ ಜನ ಮಿತಭಾಷಿಗಳು. ಕರೆಯದೆ ಒಳಗೆ ಬರುವುದು ಅವರ ದೃಷ್ಟಿಯಲ್ಲಿ ಸೌಜನ್ಯವಲ್ಲ. ನಮ್ಮವರಿಗೆ ಇದು ಉದಾಸೀನವೆಂದು ತೋರುತ್ತದೆ.

ಅವರ ಸ್ನೇಹದ ಬಾಗಿಲು ಬೇರೆ ಕಡೆ ಇದೆ. ಊರವರೆಲ್ಲ ಸೇರಿ ಸಂಬಳವಿಲ್ಲದೆ ಮಾಡುವ ಕೆಲಸಕ್ಕೆ ನಾರ್ವೆಯವರು 'ದುಗ್ನಾದ್' ಎಂದೂ ಫಿನ್‌ಲೆಂಡಿನವರು 'ತಲ್ಕೋತ್' ಎಂದೂ ಹೇಳುತ್ತಾರೆ. ನಮ್ಮ ಹಿರಿಯರ ಮುಯ್ಯಾಳು ಪದ್ಧತಿಯ ಹತ್ತಿರದ ಬಂಧು ಇದು. ಶಾಲೆಯ ಅಂಗಳವನ್ನು ಶುಚಿಗೊಳಿಸುವಾಗ, ಹಿಮದಾಟದ ದಾರಿಯನ್ನು ಸಿದ್ಧಪಡಿಸುವಾಗ, ಗುದ್ದಲಿ ಹಿಡಿದು ಬಂದವನು ಭಾಷೆ ಬಾರದಿದ್ದರೂ ಊರಿನವನಾಗುತ್ತಾನೆ. ಕೇಬಲ್ಲಿಗಾಗಿ ಕಂದಕ ತೋಡಿದ ಹಳ್ಳಿಗರೂ ಇದೇ ದಾರಿಯಲ್ಲಿ ನಡೆದವರು. ದೂರದ ಲೋಕವನ್ನು ಹತ್ತಿರಕ್ಕೆ ತಂದ ಆ ಕೇಬಲ್ಲನ್ನು ಮೊದಲು ಹೂಳಿದ್ದು ಅಕ್ಕಪಕ್ಕದ ಮನೆಯವರ ಕೈಗಳೇ.

ಕಥೋಲಿಕರಿಗೆ ಅಲ್ಲಿ ಇನ್ನೊಂದು ದೂರವೂ ಇದೆ. ಇಡೀ ಸ್ವೀಡನ್ನಿಗೆ ಇರುವುದು ಸ್ಟಾಕ್‌ಹೋಮಿನ ಒಂದೇ ಧರ್ಮಕ್ಷೇತ್ರ. ಅದರ ಧರ್ಮಾಧ್ಯಕ್ಷರಾದ ಆಂಡೆಶ್ ಅರ್ಬೊರೇಲಿಯಸ್‌ರವರು 2017ರಲ್ಲಿ ಕಾರ್ಡಿನಲ್ ಆದರು. ಉತ್ತರದ ಊರುಗಳಲ್ಲಿ ಭಾನುವಾರದ ಬಲಿಪೂಜೆಗಾಗಿ ನೂರು ಕಿಲೋಮೀಟರಿಗೂ ಹೆಚ್ಚು ದೂರ ಪ್ರಯಾಣ ಮಾಡಬೇಕಾಗಬಹುದು. ಹಲವೆಡೆ ಲೂಥರನ್ ಸಭೆಯವರು ತಮ್ಮ ದೇವಾಲಯವನ್ನೇ ಕಥೋಲಿಕರ ಬಲಿಪೂಜೆಗೆ ಬಿಟ್ಟುಕೊಡುತ್ತಾರೆ. ಪೂರ್ಣ ಧಾರ್ಮಿಕ ಸ್ವಾತಂತ್ರ್ಯದ ಕಾನೂನು 1951ರಲ್ಲಷ್ಟೇ ಬಂದ ನಾಡಿನಲ್ಲಿ ಇದು ಸಾಮಾನ್ಯವಾದ ನೆರೆಹೊರೆಯಲ್ಲ.

ಕೇಳಬೇಕಾದ ಪ್ರಶ್ನೆ

ಡೆನ್ಮಾರ್ಕಿನ ತತ್ವಜ್ಞಾನಿ ಸೊರೆನ್ ಕೀರ್ಕೆಗಾರ್ಡ್ 1847ರಲ್ಲಿ ಪ್ರಕಟಿಸಿದ 'ಪ್ರೀತಿಯ ಕೃತ್ಯಗಳು' ಎಂಬ ಗ್ರಂಥದಲ್ಲಿ ನೆರೆಯವನ ಕುರಿತು ದೀರ್ಘವಾಗಿ ಚಿಂತಿಸಿದ್ದಾನೆ. ಗೆಳೆಯನನ್ನು ನಾವು ನಮ್ಮ ಇಚ್ಛೆಯಂತೆ ಆರಿಸಿಕೊಳ್ಳುತ್ತೇವೆ. ನೆರೆಯವನಾದರೋ ನಮ್ಮ ಆಯ್ಕೆಗೆ ಕಾಯದೆ ಎದುರಿಗೆ ನಿಂತಿರುತ್ತಾನೆ ಎಂಬುದು ಆ ಚಿಂತನೆಯ ಒಂದು ತಿರುಳು. ದೂರದಿಂದ ದುಡಿಯುವವನ ಬಾಳಿಗೆ ಈ ಮಾತು ನೇರವಾಗಿ ತಾಗುತ್ತದೆ. ಇಂಟರ್‌ನೆಟ್ ನಮಗೆ ಬೇಕಾದವರನ್ನು ಎಷ್ಟು ದೂರದಿಂದಲೂ ತಂದು ಕೂರಿಸುತ್ತದೆ. ಆದರೆ ಹಿಮ ಬಿದ್ದ ರಾತ್ರಿಯಲ್ಲಿ ಕಾರು ಸಿಕ್ಕಿಕೊಂಡಾಗ ಬರಬಲ್ಲವನು ನಾವು ಆರಿಸಿಕೊಳ್ಳದ ಆ ಪಕ್ಕದ ಮನೆಯವನೇ.

ಆ ತಾಯಿ ಕೇಳಿದ ಪ್ರಶ್ನೆಗೆ ಈಗ ಇಷ್ಟು ಹೇಳಬಲ್ಲೆ: ಬಾಗಿಲು ತಟ್ಟುವವರು ಅಲ್ಲಿಯೂ ಇದ್ದಾರೆ, ಆದರೆ ಮೊದಲ ಬಾಗಿಲನ್ನು ನಿಮ್ಮ ಮಗಳೇ ತಟ್ಟಬೇಕು. ಪ್ರಿಯ ಓದುಗರೇ, ಪರದೇಶದಲ್ಲಿರುವ ಮಕ್ಕಳೊಡನೆ ಫೋನಿನಲ್ಲಿ ಮಾತನಾಡುವಾಗ ನಾವು ಊಟ, ಆರೋಗ್ಯ, ಸಂಬಳಗಳ ಬಗ್ಗೆ ವಿಚಾರಿಸುತ್ತೇವೆ. ಇನ್ನು ಮುಂದೆ ಪಕ್ಕದ ಮನೆಯವರ ಹೆಸರೇನೆಂದೂ ಕೇಳೋಣ. ಉತ್ತರ ಬಾರದಿದ್ದರೆ, ಮುಂದಿನ ವಾರ ಮತ್ತೆ ಕೇಳೋಣ.