ಮಾವಿನ ಮಂಡಿ ಶೆಡ್ಡು, ರೆವಿಟ್ಟು, ಮರೆತುಹೋದ ಕ್ರಾಸು

ಸಿವಿಲ್ ಓದೋರು ರೆವಿಟ್ ಕಲಿಯೋಕೆ ಶುರು ಮಾಡಿದ್ರೆ ಮೊದಲು ಮಾಡೋದು ಡ್ಯೂಪ್ಲೆಕ್ಸ್ ಮನೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಅಂತ ಒಂದೊಂದು ಊರಿನವರಾದ ನಾವು ನಾಲ್ವರು ಮಾತ್ರ ಮಾವಿನ ಮಂಡಿ ಶೆಡ್ ಆರಿಸಿಕೊಂಡೆವು. ಅದಕ್ಕೆ ಕಾರಣ ಇತ್ತು. ಶ್ರೀನಿವಾಸಪುರದ ಗೆಳೆಯನ ದೊಡ್ಡಪ್ಪನ ಶೆಡ್ ಕಳೆದ ಮೇ ತಿಂಗಳ ಗಾಳಿಮಳೆಗೆ ಉದ್ದಕ್ಕೆ ವಾಲಿಬಿಟ್ಟಿತ್ತು. ಒಳಗೆ ಬಾದಾಮಿ ಹಣ್ಣಿನ ಕ್ರೇಟುಗಳು, ಕೂಲಿಯವರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಹೊಸದು ಕಟ್ಟಿಸೋ ಮುಂಚೆ ದೊಡ್ಡಪ್ಪ, "ಕಂಪ್ಯೂಟರಲ್ಲಿ ಏನೋ ಮಾಡ್ತೀರಲ್ಲ, ನಮ್ಮ ಶೆಡ್ ಮಾಡಿ ತೋರಿಸ್ರಪ್ಪಾ" ಅಂದ್ರು.

ಮೊದಲು ಗ್ರಿಡ್ ಮತ್ತು ಲೆವೆಲ್. ಶೆಡ್ಡಿನ ಅಗಲ 12 ಮೀಟರ್, ಉದ್ದ 24 ಮೀಟರ್, 6 ಮೀಟರಿಗೊಂದು ಫ್ರೇಮ್. ಅಂದ್ರೆ 5 ಅಡ್ಡ ಗೆರೆ, 2 ಉದ್ದ ಗೆರೆ, ಅವು ಸೇರುವ 10 ಕಡೆ ಕಂಬ. ಲೆವೆಲ್ ಮೂರು: ನೆಲ, 5 ಮೀಟರಿಗೆ ಸೂರು, 7 ಮೀಟರಿಗೆ ಮಾಡಿನ ತುದಿ.

ಕಂಬ ಇಡುವಾಗ 'ಸ್ಟ್ರಕ್ಚರಲ್ ಕಾಲಮ್' ಆರಿಸಬೇಕು, ಆರ್ಕಿಟೆಕ್ಚರಲ್ ಅಲ್ಲ. ಇಲ್ಲೇ ನಾವು ಅರ್ಧ ಗಂಟೆ ಕಳೆದೆವು. ಕಂಬ ಇಟ್ಟರೂ ಕಾಣ್ತಿಲ್ಲ! ಮೇಲಿನ ಪಟ್ಟಿಯಲ್ಲಿ 'ಡೆಪ್ತ್' ಅಂತ ಇತ್ತು, ಕಂಬಗಳೆಲ್ಲ ನೆಲದಡಿಗೆ ಇಳಿದಿದ್ದವು. ಅದನ್ನು 'ಹೈಟ್' ಮಾಡಿದ್ರೆ ಸರಿಹೋಗುತ್ತೆ.

ಇಳಿಜಾರು ತೊಲೆಗಳನ್ನು ಪ್ಲಾನ್‌ನಲ್ಲಿ ಎಳೆಯೋದು ಕಷ್ಟ. 'ಫ್ರೇಮಿಂಗ್ ಎಲಿವೇಷನ್' ತೆರೆದು ಗ್ರಿಡ್ ಮೇಲೆ ಎಳೀರಿ. ಸಾಮಾನ್ಯವಾಗಿ ನಾವು ಎಳೆದ ಗೆರೆ ತೊಲೆಯ ಮೇಲ್ಮೈ ಆಗುತ್ತೆ, ನಡುಮಧ್ಯ ಅಲ್ಲ. ಹಾಗಾಗಿ ತೊಲೆಯ ಮೇಲೆ ಕೂರಬೇಕಾದ 150 ಮಿ.ಮೀ. ಪರ್ಲಿನ್ ಅನ್ನು 150 ಮಿ.ಮೀ. ಮೇಲೆತ್ತದಿದ್ರೆ ಅದು ತೊಲೆಯೊಳಗೇ ಹೂತುಹೋಗುತ್ತೆ. ತೊಲೆಗಳು ಬರೀ ಕಡ್ಡಿ ಥರ ಕಂಡ್ರೆ ಗಾಬರಿ ಬೇಡ. ಡೀಟೇಲ್ ಲೆವೆಲ್ 'ಕೋರ್ಸ್' ಇದೆ, 'ಮೀಡಿಯಂ' ಮಾಡಿ.

ಎಲ್ಲ ಮುಗಿಸಿ, ಬಣ್ಣ ಹಾಕಿ, ಲ್ಯಾಪ್‌ಟಾಪ್ ಹಿಡಿದು ಮಂಡಿಗೆ ಹೋದೆವು. ದೊಡ್ಡಪ್ಪನಿಗೆ ಖುಷಿ. ಪಕ್ಕದಲ್ಲಿ ನಿಂತಿದ್ದ ವೆಲ್ಡಿಂಗ್ ಅಣ್ಣ ಒಂದು ಸುತ್ತು ನೋಡಿ, "ಕ್ರಾಸ್ ಎಲ್ಲಿ?" ಅಂತ ಕೇಳಿದ್ರು.

ನಾವು ಹಾಕಿರಲೇ ಇಲ್ಲ. ವಾಲಿದ ಹಳೇ ಶೆಡ್ಡಿನಲ್ಲೂ ಇರಲಿಲ್ಲವಂತೆ!

ಕ್ರಾಸ್ ಅಂದ್ರೆ ಬ್ರೇಸಿಂಗ್. ಕಂಬ, ತೊಲೆ ಸೇರಿದ್ರೆ ಆಗೋದು ಚೌಕ. ಪಕ್ಕದಿಂದ ತಳ್ಳಿದ್ರೆ ಚೌಕ ಓರೆಯಾಗುತ್ತೆ. ಮೂಲೆಯಿಂದ ಮೂಲೆಗೆ ಒಂದು ಕಡ್ಡಿ ಬಿಗಿದ್ರೆ ಎರಡು ತ್ರಿಕೋನ ಆಗುತ್ತೆ, ತ್ರಿಕೋನ ಓರೆಯಾಗಲ್ಲ. ಎಷ್ಟು ತಳ್ಳುತ್ತೆ ಅಂತೀರಾ? ಐಎಸ್ 875ರ 3ನೇ ಭಾಗದಲ್ಲಿ ಬೆಂಗಳೂರಿಗೆ ಕೊಟ್ಟಿರುವ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್. ಅದರ ವರ್ಗವನ್ನು 0.6ರಿಂದ ಗುಣಿಸಿದ್ರೆ ಚದರ ಮೀಟರಿಗೆ ಸುಮಾರು 650 ನ್ಯೂಟನ್, ಅಂದ್ರೆ ಹತ್ತಿರ ಹತ್ತಿರ 65 ಕೆಜಿ ಭಾರದಷ್ಟು. ನಮ್ಮ ಶೆಡ್ಡಿನ ಮುಂಗೋಡೆ ಸುಮಾರು 72 ಚದರ ಮೀಟರ್. ಉಳಿದ ಗುಣಾಂಕ ಸೇರಿಸೋ ಮುಂಚೆಯೇ ನಾಲ್ಕೂವರೆ ಟನ್ ದಾಟುತ್ತೆ! ಅದರಲ್ಲಿ ಒಂದು ಪಾಲು ನೇರ ನೆಲಕ್ಕೆ ಹೋಗುತ್ತೆ. ಮಿಕ್ಕಿದ್ದು ಮಾಡಿನ ಮಟ್ಟದಲ್ಲಿ ಸೇರಿ, ಅಲ್ಲಿಂದ ಕ್ರಾಸ್ ಮೂಲಕ ಅಡಿಪಾಯಕ್ಕೆ ಇಳಿಯಬೇಕು. ಕ್ರಾಸ್ ಇಲ್ಲ ಅಂದ್ರೆ ಇಳಿಯೋಕೆ ಸರಿಯಾದ ದಾರಿಯೇ ಇಲ್ಲ.

ರೆವಿಟ್ ಇದರ ಬಗ್ಗೆ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ. ಯಾಕಂದ್ರೆ ಅಲ್ಲಿ ನಾವು ಮಾಡಿದ್ದು ಆಕಾರ ಮಾತ್ರ. ಬಲದ ಲೆಕ್ಕಕ್ಕೆ ಸ್ಟಾಡ್, ಈಟ್ಯಾಬ್ಸ್, ರೋಬಾಟ್ ಥರದ್ದು ಬೇಕು. ಸ್ಕ್ರೀನ್ ಮೇಲೆ ಗಾಳಿ ಬೀಸಲ್ಲ, ಅಲ್ಲಿ ಏನು ಕಟ್ಟಿದ್ರೂ ನಿಲ್ಲುತ್ತೆ.

ವಾಪಸ್ ಬಂದು 'ಬ್ರೇಸ್' ಟೂಲಿನಿಂದ ಎರಡು ತುದಿಯ ಅಂಕಣಗಳಲ್ಲಿ, ಪಕ್ಕದ ಗೋಡೆಗೂ ಮಾಡಿಗೂ ಕ್ರಾಸ್ ಹಾಕಿದೆವು. ಅಳತೆ, ಲೆಕ್ಕ ಎಲ್ಲ ದೊಡ್ಡಪ್ಪ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಹತ್ರ ಮಾಡಿಸಿದ್ರು. ಎರಡನೇ ವರ್ಷದ ನಾವು ಮಾಡೋ ಕೆಲಸ ಅಲ್ಲ ಅದು. ಆದ್ರೆ ಈಗ ಯಾವ ಮಾಡೆಲ್ ಮುಗಿಸಿದ್ರೂ ನಾವು ನಾಲ್ವರೂ ಒಂದು ಸಲ ಕೇಳಿಕೊಳ್ತೀವಿ: ಗಾಳಿ ಈ ಕಡೆಯಿಂದ ತಳ್ಳಿದ್ರೆ, ಆ ಬಲ ನೆಲಕ್ಕೆ ಹೋಗೋದು ಯಾವ ದಾರೀಲಿ? ನಿಮ್ಮ ಡ್ಯೂಪ್ಲೆಕ್ಸ್ ಮನೆಗೂ ಕೇಳಿ ನೋಡಿ.