ಡ್ರೈಕ್ಲೀನಿಂಗ್ ಬಟ್ಟೆಯೂ ಮನೆಯ ಗಾಳಿಯೂ

'ಡ್ರೈಕ್ಲೀನಿಂಗ್' ಎಂದೊಡನೆ, ಅಲ್ಲಿ ಬಟ್ಟೆ ಒದ್ದೆಯಾಗುವುದೇ ಇಲ್ಲವೆಂದು ಅನೇಕರು ಭಾವಿಸುವುದುಂಟು. ಒದ್ದೆಯೇನೋ ಆಗುತ್ತದೆ, ಆದರೆ ನೀರಿನಿಂದಲ್ಲ, ಜಿಡ್ಡನ್ನು ಕರಗಿಸುವ ರಾಸಾಯನಿಕ ದ್ರವದಿಂದ. ಇಂತಹ ದ್ರವಗಳಲ್ಲಿ ಪ್ರಸಿದ್ಧವಾದುದು ಪರ್‌ಕ್ಲೋರೋಎಥಿಲೀನ್. 1821ರಲ್ಲಿ ಇದನ್ನು ಮೊದಲು ತಯಾರಿಸಿದವನು ಮೈಕೆಲ್ ಫ್ಯಾರಡೆ.

ಈ ದ್ರವವು ಬಟ್ಟೆಯ ಎಳೆಗಳಲ್ಲಿ ಅಲ್ಪಸ್ವಲ್ಪ ಉಳಿದುಬಿಡುತ್ತದೆ. ಕೋಟನ್ನೋ ರೇಷ್ಮೆ ಸೀರೆಯನ್ನೋ ತಂದು ಹಾಗೆಯೇ ಬೀರುವಿನಲ್ಲಿಟ್ಟರೆ, ಅದು ಆವಿಯಾಗಿ ಮೆಲ್ಲಮೆಲ್ಲನೆ ಕೋಣೆಯ ಗಾಳಿಯನ್ನು ಸೇರುತ್ತದೆ. ಆ ವಾಸನೆಯನ್ನೇ ನಾವು ಶುಭ್ರತೆಯ ಗುರುತೆಂದು ತಿಳಿದು ಸಂತೋಷಪಡುತ್ತೇವೆ!

ಆವಿ ಹೆಚ್ಚಾದಲ್ಲಿ ತಲೆನೋವು, ತಲೆಸುತ್ತು ಬರುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಇದನ್ನು 'ಬಹುಶಃ ಕ್ಯಾನ್ಸರ್‌ಕಾರಕ' ವಸ್ತುಗಳ ಪಟ್ಟಿಗೆ ಸೇರಿಸಿತು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು, 2023ರ ಹೊತ್ತಿಗೆ ಡ್ರೈಕ್ಲೀನಿಂಗ್‌ನಲ್ಲಿ ಇದರ ಬಳಕೆ ನಿಲ್ಲಬೇಕೆಂದು 2007ರಲ್ಲಿಯೇ ನಿರ್ಧರಿಸಿತು.

ನಮಗೆ ಉಪಾಯ ಸುಲಭ. ಚೀಲವನ್ನು ಹೊರಗೆ ಕಳಚಿ, ಬಟ್ಟೆಯನ್ನು ಗಾಳಿಯಾಡುವ ಜಗಲಿಯಲ್ಲಿ ತೂಗುಹಾಕಿ, ವಾಸನೆ ಹೋದ ಮೇಲೆ ಒಳಗೆ ತರಬೇಕು. ನೀರು ಸಾಬೂನುಗಳಲ್ಲಿ ಶುಚಿಯಾಗುವ ಬಟ್ಟೆಗೆ ಅವೇ ಸಾಕು. ಆದರೆ ದಿನವೆಲ್ಲ ಆ ಆವಿಯ ನಡುವೆ ದುಡಿಯುವ ಅಂಗಡಿಯ ಕೆಲಸಗಾರನಿಗೆ ಜಗಲಿಯೆಲ್ಲಿದೆ? ನಮ್ಮ ಉಡುಪಿನ ಮಡಿಕೆ ಕೆಡದಿರಲೆಂದು ಅವನ ಆರೋಗ್ಯ ಕೆಡಬಾರದಲ್ಲವೆ?